ಮಾಸ್ಟರ್ ಬಂದ್, ಗಾಳಿ ಬಂದ್

ಹಾರಾಟ ಕಲಿಯಲು ಹೊರಟ ಹುಡುಗರು ಈಗಲೂ ಆಗೊಮ್ಮೆ ಈಗೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಚಹಾ ಕೈಗೆ ಬರುವ ಮೊದಲೇ ಅವರು ಕೇಳುವ ಪ್ರಶ್ನೆ ಒಂದೇ: "ಸರ್, ಮ್ಯಾಲೆ ಇದ್ದಾಗ ನಿಮಗ ಎಂದರ ಅಂಜಿಕಿ ಆಗಿತ್ತೇನ್ರಿ?" ಮೇಲೆ ಆದ ಅಂಜಿಕೆಗಳು ಬೇಕಾದಷ್ಟಿವೆ, ಹೇಳುತ್ತ ಕುಳಿತರೆ ಚಹಾ ಆರಿಹೋಗುತ್ತದೆ. ಆದರೆ ನನ್ನ ಜೀವ ಖರೇ ಖರೇ ಬಾಯಿಗೆ ಬಂದದ್ದು ನಾನು ನೆಲದ ಮೇಲೆ, ಕಟ್ಟಿಗೆ ಕುರ್ಚಿಯಲ್ಲಿ ಕುಳಿತಿದ್ದಾಗ. ಅದನ್ನೇ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ನನ್ನ ಹೆಂಡತಿಗೂ ನೆನಪಿಲ್ಲ, ನಿಮಗೇಕೆ?

ಇಸವಿ ಎರಡು ಸಾವಿರದ ಆಸುಪಾಸು. ಬೆಳಗಾವಿಯ ಬಾಜು, ಸಾಂಬ್ರಾದ ವಿಮಾನ ನಿಲ್ದಾಣದ ಒಂದು ಮೂಲೆಯಲ್ಲಿ ನಮ್ಮ ಹಾರಾಟದ ಶಾಲೆ ಇತ್ತು. ಈಗ ಅದು ಇಲ್ಲ, ಹೆಸರು ಬೇಡ. ತಗಡಿನ ಒಂದು ಹ್ಯಾಂಗರು, ಎರಡು ಸೀಟಿನ ಕೆಲವು ಸಣ್ಣ ವಿಮಾನಗಳು, ಬೇಸಿಗೆಯಲ್ಲಿ ಕಾದ ಹಂಚಾಗುವ ಒಂದು ಪಾಠದ ಕೋಣೆ. ನಾನು ಅಲ್ಲಿ ಹಾರಾಟ ಕಲಿಸುವವನು. ಕಾಗದದ ಮೇಲೆ ಇನ್‌ಸ್ಟ್ರಕ್ಟರ್, ಹುಡುಗರ ಬಾಯಲ್ಲಿ ದೇಸಾಯಿ ಮಾಸ್ತರ. ಬೆಳಗಾವಿ, ಗೋಕಾಕ, ಖಾನಾಪುರ ಕಡೆಯ ಹುಡುಗರೇ ಹೆಚ್ಚು. ಕೆಲವರ ಮನೆಯಲ್ಲಿ ಕನ್ನಡ, ಕೆಲವರ ಮನೆಯಲ್ಲಿ ಮರಾಠಿ, ಪ್ಯಾಟಿಯಲ್ಲಿ ಎಲ್ಲರಿಗೂ ಎರಡೂ. ಇಂಗ್ಲಿಷ್ ಎಂಬುದು ಇಸ್ತ್ರಿ ಮಾಡಿದ ಅಂಗಿ ಇದ್ದಂತೆ, ಹೊರಗೆ ಹೋಗುವಾಗ ಮಾತ್ರ ತೊಡುವಂಥದು. ನಾನೂ ಅಂಥವನೇ. ಅಪ್ಪನ ಮನೆ ಕನ್ನಡ, ಅವ್ವನ ತವರು ಖಾನಾಪುರದ ಬಾಜು, ಅಲ್ಲಿ ಪೂರಾ ಮರಾಠಿ.

ನಮ್ಮ ಕೆಲಸದಲ್ಲಿ ಕಣ್ಣಿಗಿಂತ ಮೊದಲು ಎಚ್ಚರವಾಗಬೇಕಾದದ್ದು ಮೂಗು. ವಿಮಾನದಲ್ಲಿ ಪೈಲಟ್ ಎದುರಿಗಿರುವ ಫಲಕದ ಹಿಂದೆ ವಾಯರುಗಳ ಸಿಕ್ಕೇ ಇರುತ್ತದೆ. ಎಲ್ಲೋ ಒಂದು ವಾಯರಿನ ಹೊದಿಕೆ ಸವೆದು ಲೋಹಕ್ಕೆ ತಾಗಿತೆಂದರೆ ಮೊದಲು ವಾಸನೆ, ಆಮೇಲೆ ಹೊಗೆ, ಅದರ ಹಿಂದೆ ಬೆಂಕಿ. ವಾಸನೆಯಲ್ಲೇ ಹಿಡಿದವನು ಉಳಿದ. ಅದಕ್ಕೆ ನಾನು ಹೊಸ ಹುಡುಗರನ್ನು ಹ್ಯಾಂಗರಿನ ಹಿಂದಿನ ಸಾಮಾನಿನ ಕೋಣೆಗೆ ಕರೆದೊಯ್ಯುತ್ತಿದ್ದೆ. ಹಳೆಯ ವಾಯರಿನ ತುಣುಕೊಂದನ್ನು ಇಕ್ಕಳದಲ್ಲಿ ಹಿಡಿದು, ಕಡ್ಡಿ ಗೀರಿ ತಾಗಿಸಿ, ಬಾಗಿಲು ಮುಚ್ಚಿ, "ಮೂಸ್ರಿ" ಎನ್ನುತ್ತಿದ್ದೆ. ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಈ ಪಾಠಕ್ಕೆ ಅವರು ಇಟ್ಟ ಹೆಸರು 'ಮಾಸ್ತರ ಧೂಪಾರತಿ'.

ಧೂಪಾರತಿ ಶುರುವಾದದ್ದು ಒಂದು ಫಜೀತಿಯಿಂದ. ಗೋಕಾಕದ ಬಸವರಾಜ ಎಂಬ ಹುಡುಗ ಚಳಿಗಾಲದ ಒಂದು ದಿನ ಒಬ್ಬನೇ ಹಾರಲು ಹೋದವನು ಅರ್ಧಕ್ಕೇ ತಿರುಗಿ ಬಂದು ಇಳಿದ. "ಸರ್, ಏನೋ ಸುಟ್ಟ ವಾಸನಿ ಬಂತ್ರಿ" ಎಂದ. ಮೆಕ್ಯಾನಿಕ್ಕು ಫಲಕವನ್ನೆಲ್ಲ ಬಿಚ್ಚಿ ಹುಡುಕಿದ, ಏನೂ ಸಿಗಲಿಲ್ಲ. ಮರುದಿನ ಅದೇ ದಾರಿಯಲ್ಲಿ ನಾನೇ ಹೋಗಿ ನೋಡಿದರೆ, ಕೆಳಗೆ ಬೆಲ್ಲದ ಗಾಣ! ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಕಮಟು ಗಾಳಿಯ ಕಿಂಡಿಯಿಂದ ನೇರ ನನ್ನ ಮೂಗಿಗೆ ಬಂತು. ಶಾಲೆಯ ತುಂಬ ಅವನು 'ಬೆಲ್ಲದ ಬಸು' ಆದ. ನಾನು ಮಾತ್ರ ಅವನ ಬೆನ್ನು ತಟ್ಟಿದೆ. ವಾಸನೆ ಬಂತು, ಇಳಿದ, ಸರಿಯಾದ ಕೆಲಸ ಮಾಡಿದ. ಬೆಲ್ಲಕ್ಕೂ ವಾಯರಿಗೂ ಇರುವ ಫರಕು ಅವನಿಗೆ ಯಾರೂ ಮೂಸಿಸಿ ತೋರಿಸಿರಲಿಲ್ಲ, ಅಷ್ಟೇ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡವೆಂದು ಮರುವಾರದಿಂದಲೇ ನಾನು ಇಕ್ಕಳ ಹಿಡಿದೆ.

ಮೂಗು ಹೇಳಿದ ಮೇಲೆ ಕೈ ಮಾಡಬೇಕಾದ ಕೆಲಸ ಎರಡು. ಮಾಸ್ಟರ್ ಎಂಬ ಕೆಂಪು ಸ್ವಿಚ್ಚು ಆರಿಸಬೇಕು. ಅದನ್ನು ಆರಿಸಿದರೆ ಇಡೀ ವಿಮಾನದ ಕರೆಂಟು ಹೋಗುತ್ತದೆ, ಸುಡುವ ವಾಯರಿಗೆ ಮೇವು ನಿಲ್ಲುತ್ತದೆ. ಜೊತೆಗೇ ಗಾಳಿಯ ಕಿಂಡಿಗಳನ್ನು ಮುಚ್ಚಬೇಕು, ಬೆಂಕಿಗೆ ಗಾಳಿ ಸಿಗಬಾರದು. ಹೊಗೆಯಲ್ಲಿ ಉಸಿರು ಕಟ್ಟಿದವನಿಗೆ ಕಿಂಡಿ ತೆಗೆಯಬೇಕು ಅನ್ನಿಸುತ್ತದೆ, ಅಲ್ಲೇ ಮೋಸ. ಬೆಂಕಿ ಪೂರಾ ಸತ್ತಿತು ಎಂದು ಖಾತ್ರಿಯಾದ ಮೇಲೆಯೇ ಕಿಂಡಿ ತೆಗೆದು ಹೊಗೆ ಹೊರಗೆ ಬಿಡಬೇಕು.

ಇಷ್ಟು ಹೇಳಿದಾಗ ಪ್ರತಿ ತಂಡದಲ್ಲೂ ಒಬ್ಬನಾದರೂ ಕೈ ಎತ್ತುತ್ತಿದ್ದ: "ಸರ್, ಮಾಸ್ಟರ್ ಆರಿಸಿದ್ರ ಎಂಜಿನ್ನೂ ನಿಂತ ಹೋಗೂದಿಲ್ಲೇನ್ರಿ?" ಸ್ಕೂಟರಿನ ಚಾವಿ ತಿರುಗಿಸಿ ಬೆಳೆದವರು, ಹಾಗೆ ಅನ್ನಿಸುವುದು ಸಹಜ. ವಿಮಾನದ ಎಂಜಿನ್ನು ತನಗೆ ಬೇಕಾದ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಬ್ಯಾಟರಿಯ ಹಂಗು ಅದಕ್ಕಿಲ್ಲ ಎಂದು ಎಷ್ಟು ಚಿತ್ರ ಬರೆದು ತೋರಿಸಿದರೂ ಮುಖದ ಮೇಲಿನ ಸಂಶಯ ಹೋಗುತ್ತಿರಲಿಲ್ಲ. ಒಮ್ಮೆ ಮಾತ್ರ, ಹಿಂದಿನ ಸಾಲಿನಲ್ಲಿ ಕುಳಿತ ಖಾನಾಪುರದ ಹುಡುಗಿಯೊಬ್ಬಳು ನಕ್ಕಳು. ಸವಿತಾ ಗಾವಡೆ. ಅವಳ ತಂದೆಯದು ಹೆಂಚಿನ ಭಟ್ಟಿ, ಮಣ್ಣು ಹೇರುವ ಟ್ರ್ಯಾಕ್ಟರನ್ನು ಸಣ್ಣವಳಿದ್ದಾಗಿನಿಂದ ಹೊಡೆದವಳು.

"ಯಾಕ ನಗ್ತಿ?" ಅಂದೆ.

"ನಮ್ಮ ಟ್ರ್ಯಾಕ್ಟರಿಂದು ಬ್ಯಾಟರಿ ಸತ್ತು ವರ್ಷಾತ್ರಿ ಸರ್. ಏರಿನ ಮ್ಯಾಲೆ ನಿಂದರಸ್ತೇವಿ, ಮುಂಜಾನೆ ದಬ್ಬಿ ಚಾಲೂ ಮಾಡ್ತೇವಿ. ಒಮ್ಮೆ ಎಂಜಿನ್ ಹೊಂಟ್ರ ಬ್ಯಾಟರೀದು ಏನ ಕೆಲಸ?"

ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಕಿಲ್ಲ, ಕಾರಣ ಬೇರೆ, ಆದರೆ ಫಲ ಒಂದೇ. ಅವತ್ತಿನಿಂದ ನಾನು ಚಿತ್ರ ಬರೆಯುವುದು ಬಿಟ್ಟು ಗಾವಡೆಯವರ ಟ್ರ್ಯಾಕ್ಟರಿನ ಕಥೆ ಹೇಳತೊಡಗಿದೆ. ಒಬ್ಬರೂ ಮತ್ತೆ ಕೈ ಎತ್ತಲಿಲ್ಲ.

ಇನ್ನು ಮಾತಿನ ಕಥೆ. ನಿಂತ ವಿಮಾನದಲ್ಲಿ ಇಬ್ಬಿಬ್ಬರನ್ನು ಕೂರಿಸಿ, ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಇನ್ನೊಬ್ಬರಿಂದ ಕೂಗಿಸಿ ಕೈಗೆ ರೂಢಿ ಮಾಡಿಸುವುದು ನನ್ನ ಪದ್ಧತಿ. ಒಂದು ದಿನ ಕಣ್ಣು ಕಟ್ಟಿಕೊಂಡವಳು ಸವಿತಾ, ಕೂಗುವವನು ಬೆಲ್ಲದ ಬಸು. ನಾನು ಹೊರಗಿನಿಂದ "ಹೊಗಿ!" ಎಂದೆ. ಬಸು ಗಾಬರಿಯ ಆಟವಾಡುತ್ತ "ತಗಿ! ತಗಿ! ಲಗೂ ತಗಿ!" ಎಂದು ಒದರಿದ. ಸವಿತಾ ಎರಡೂ ಗಾಳಿ ಕಿಂಡಿಗಳನ್ನು ರಪ್ಪನೆ ತೆಗೆದಳು. ಖರೇ ಬೆಂಕಿ ಇದ್ದಿದ್ದರೆ ಇಬ್ಬರೂ ಸುಟ್ಟ ಬದನೆಕಾಯಿ.

"ಏ, ಸ್ವಿಚ್ ತಗಿ ಅಂದೆ ನಾ!" ಎಂದು ಬಸು ಸಿಟ್ಟಾದ.

"ಸ್ವಿಚ್ ಅಂತ ಎಲ್ಲಿ ಅಂದಿ? ಬರೇ ತಗಿ ಅಂದಿ. ತಗಿ ಅಂದ್ರ ಬಿಚ್ಚೂದು!"

"ಲೈಟ್ ತಗಿ ಅಂದ್ರ ಬಿಚ್ತಾರೇನ? ಆರಸ್ತಾರ!"

ಅವರು ಜಗಳವಾಡುತ್ತಿದ್ದರೆ ನನಗೆ ಬೆವರು. ಇಬ್ಬರದೂ ಖರೇ. ನಮ್ಮ ಕಡೆ ಬಾಗಿಲು ತಗಿ ಎಂದರೆ ತೆರೆ, ಲೈಟು ತಗಿ ಎಂದರೆ ಆರಿಸು. ಬಾಗಿಲು ಹಾಕು ಎಂದರೆ ಮುಚ್ಚು, ಸ್ವಿಚ್ಚು ಹಾಕು ಎಂದರೆ ಚಾಲೂ ಮಾಡು. ಮನೆಯಲ್ಲಿ ಈ ಮಾತುಗಳಿಂದ ಯಾರಿಗೂ ಏನೂ ಆಗುವುದಿಲ್ಲ. ಹೊಗೆ ತುಂಬಿದ ವಿಮಾನದಲ್ಲಿ ಒಂದೇ ಮಾತಿಗೆ ಸ್ವಿಚ್ಚಿನಲ್ಲಿ ಒಂದು ಅರ್ಥ, ಕಿಂಡಿಯಲ್ಲಿ ಅದರ ಉಲ್ಟಾ. ಆ ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದೆ. ಸ್ವಿಚ್ಚಿಗೂ ಬಾಗಿಲಿಗೂ ಒಂದೇ ಅರ್ಥ ಕೊಡುವ, ಕನ್ನಡದವನಿಗೂ ಮರಾಠಿಯವನಿಗೂ ತಿಳಿಯುವ ಮಾತು ಯಾವುದು? ಮನೆಯಲ್ಲಿ ಹೆಂಡತಿ ಒಳಗಿನಿಂದ ಕೂಗಿದಳು: "ನಳಾ ಬಂದ್ ಮಾಡಿ ಬರ್ರಿ." ಮುಗಿಯಿತು. ಮರುದಿನ ಹಲಗೆಯ ಮೇಲೆ ಬರೆದೆ: ಮಾಸ್ಟರ್ ಬಂದ್, ಗಾಳಿ ಬಂದ್. ತಗಿ, ಹಾಕು ಎಂದವರಿಗೆ ಹ್ಯಾಂಗರಿನ ಕಸ ಗುಡಿಸುವ ಶಿಕ್ಷೆ.

ಹುಡುಗರು ಸುಮ್ಮನಿರುತ್ತಾರೆಯೇ? ನಾನು ಕ್ಯಾಂಟೀನಿನ ಬಾಗಿಲಿಗೆ ಬಂದರೆ ಸಾಕು, ಯಾವನಾದರೂ "ಮಾಸ್ಟರ್ ಬಂದ್!" ಎನ್ನುತ್ತಿದ್ದ, ಎಲ್ಲರ ಬಾಯಿ ಬಂದ್ ಆಗುತ್ತಿತ್ತು. ಮಾಸ್ತರ ಬಂದ ಎಂದನೋ, ಸ್ವಿಚ್ಚು ಆರಿಸು ಎಂದನೋ, ಹಿಡಿಯುವ ಹಾಗಿಲ್ಲ.

ನಗದಿದ್ದವರು ಒಬ್ಬರೇ, ನಮ್ಮ ಶಾಲೆಯ ಮುಖ್ಯಸ್ಥರು, ಚೀಫ್ ರಾಮಸ್ವಾಮಿ ಸಾಹೇಬರು. ಮೈಸೂರು ಕಡೆಯವರು, ಶಿಸ್ತಿನ ಮನುಷ್ಯ, ಹಾರಾಟದಲ್ಲಿ ಅವರ ಕೈ ಬೆಣ್ಣೆ. ಆದರೆ ನಮ್ಮ ಮಾತು ಅವರಿಗೆ ಸೇರುತ್ತಿರಲಿಲ್ಲ. ಬಂದ ಹೊಸದರಲ್ಲಿ ನಾನು "ಫ್ಯಾನ್ ಹಚ್ಚಲೇನ್ರಿ ಸರ್?" ಎಂದರೆ, "ಯಾಕ್ರೀ, ಏನ್ ತಪ್ಪು ಮಾಡ್ತು ಅದು?" ಎಂದು ಕೇಳಿದವರು, ಅವರ ಕಡೆ ಹಚ್ಚುವುದೆಂದರೆ ತರಕಾರಿಯಂತೆ ಕೊಚ್ಚುವುದು. ನನ್ನ ಹಲಗೆ ನೋಡಿ ಕೋಣೆಗೆ ಕರೆಸಿಕೊಂಡರು.

"ಏನ್ರೀ ದೇಸಾಯಿ, ಬಂದ್ ಬಂದ್ ಅಂತ ಕೂಗಿಸ್ತಿದೀರಿ? ಬೆಳಗಾವೀಲಿ ಅಂಗಡಿ ಬಂದ್ ಮಾಡ್ಸೋದು ಸಾಲದು ಅಂತ ವಿಮಾನದಲ್ಲೂ ಶುರುವಾಯ್ತಾ? ಇನ್ಮೇಲೆ ವಿಮಾನದೊಳಗೆ ಇಂಗ್ಲಿಷ್ ಮಾತ್ರ."

"ಸರ್, ರೇಡಿಯೋದಾಗ ಇಂಗ್ಲಿಷ್ ಬೇಕು, ಒಪ್ಪಿದೆ. ಬೆಂಕಿ ಹತ್ತಿದಾಗ ಮನಷ್ಯಾ ಅವ್ವಾ ಅಂತ ಒದರ್ತಾನ್ರಿ, ಮದರ್ ಅಂತ ಒದರೂದಿಲ್ಲ."

"ಅವ್ವ ಅನ್ನೋ ಬಾಯಲ್ಲಿ ಮದರ್ ಅನ್ನಿಸೋದಕ್ಕೇ ತರಬೇತಿ ಅನ್ನೋದು ಕಣ್ರೀ."

ಮಾತಿಗೆ ಮಾತು ಚೆನ್ನಾಗಿಯೇ ಇತ್ತು. ಹೂಂ ಎಂದು ಬಂದೆ, ಹಲಗೆ ಒರೆಸಿದೆ. ಆದರೆ ನಿಂತ ವಿಮಾನದಲ್ಲಿ ಕಣ್ಣು ಕಟ್ಟಿದ ಪಾಠ ಮೊದಲಿನಂತೆಯೇ ನಡೆಯಿತು, ದನಿ ಮಾತ್ರ ಸಣ್ಣದು. ನಾನು ಹಟಮಾರಿ. ಇದನ್ನು ತಪ್ಪೊಪ್ಪಿಗೆ ಎಂದು ಬರೆಯುತ್ತಿಲ್ಲ, ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ನಾನು ಹೇಳಹೊರಟ ಆ ದಿನ ಬಂದಾಗ ಸಂಕ್ರಾಂತಿ ಕಳೆದಿತ್ತು. ಮಂಜು ಹರಿದು ಬಿಸಿಲು ಬಿದ್ದಿತ್ತು. ಸವಿತಾ ಅಂದು ಒಬ್ಬಳೇ ಸಾಂಬ್ರಾದಿಂದ ಖಾನಾಪುರದವರೆಗೆ ಹೋಗಿ ತಿರುಗಿ ಬರಬೇಕು. ಊರಿನ ಮೇಲೆ ಒಬ್ಬಳೇ ಹಾರುತ್ತೇನೆಂಬ ಹಿಗ್ಗು ಅವಳ ನಡಿಗೆಯಲ್ಲೇ ಕಾಣುತ್ತಿತ್ತು. ನಮ್ಮ ರೇಡಿಯೋ ಕೋಣೆಯಲ್ಲಿ ಮೈಕಿನ ಎದುರು ಚೀಫ್ ಕುಳಿತಿದ್ದರು, ಅವರ ಬಾಜು ಕಟ್ಟಿಗೆ ಕುರ್ಚಿಯಲ್ಲಿ ನಾನು. ಖಾನಾಪುರ ತಲುಪಿ ತಿರುಗುತ್ತಿದ್ದೇನೆ ಎಂದು ಅವಳ ಇಸ್ತ್ರಿ ಇಂಗ್ಲಿಷು ಸ್ಪಷ್ಟವಾಗಿ ಕೇಳಿತು. ಚೀಫ್ ತಲೆದೂಗಿದರು. ಚಹಾ ಬಂತು.

ಆಮೇಲೆ ರೇಡಿಯೋ ಕರಕರ ಎಂದಿತು. ಅದೇ ಹುಡುಗಿ, ಆದರೆ ಬೇರೆ ದನಿ.

"ಸರ್... ಧೂರ್... ಖೂಪ್ ಧೂರ್..."

ಚೀಫ್ ಮೈಕು ಎತ್ತಿದರು. ಮಾರುಕಟ್ಟೆಯಲ್ಲಿ ಕಲಿತ ನಾಲ್ಕು ಮರಾಠಿ ಮಾತು ಅವರಿಗೆ ಬರುತ್ತಿತ್ತು, ಖೂಪ್ ಎಂದರೆ ಬಹಳ ಎಂಬುದು ಅದರಲ್ಲಿ ಒಂದು. "ಬಹಳ ದೂರ ಹೋಗ್ಬಿಟ್ಟಿದೀನಿ ಅಂತಾಳಲ್ರೀ! ದಾರಿ ತಪ್ಪಿದಾಳೆ" ಎಂದು ನನಗೆ ಹೇಳಿ, ಅವಳಿಗೆ ಇಂಗ್ಲಿಷಿನಲ್ಲಿ, ಕೆಳಗೆ ಏನು ಕಾಣುತ್ತಿದೆ ಹೇಳು, ಗಾಬರಿಯಾಗಬೇಡ ಎಂದರು.

ನಾನು ಕುರ್ಚಿಯಿಂದ ಎದ್ದೆ. ಖಾನಾಪುರದ ಮನೆಗಳಲ್ಲಿ ದೂರಕ್ಕೆ ಲಾಂಬ ಎನ್ನುತ್ತಾರೆ. ನನ್ನ ಅಜ್ಜಿ ಒಲೆ ಊದುತ್ತ, ಕಣ್ಣು ಒರೆಸಿಕೊಳ್ಳುತ್ತ ದಿನಾ ಬೈಯುತ್ತಿದ್ದದ್ದು ಧೂರಕ್ಕೆ. ಧೂರ ಎಂದರೆ ಹೊಗೆ.

ಮೇಲಧಿಕಾರಿಯ ಕೈಯಿಂದ ಮೈಕು ಕಸಿದುಕೊಂಡೆ. ಇಂಗ್ಲಿಷು ನೆನಪಿಗೇ ಬರಲಿಲ್ಲ, ಬಂದಿದ್ದರೂ ಬೇಕಿರಲಿಲ್ಲ.

"ಸವಿತಾ, ಮಾಸ್ತರ ಮಾತಾಡಾಕತ್ತೇನಿ. ಮಾಸ್ಟರ್ ಬಂದ್. ಗಾಳಿ ಬಂದ್. ಎಂಜಿನ್ ನಡೀತೈತಿ. ರೇಲ್ವೆ ಹಳಿ ಹಿಡಕೊಂಡ ಬಾ. ಮಾಸ್ಟರ್ ಬಂದ್!"

ಟಕ್ ಎಂದಿತು. ಆಮೇಲೆ ಏನೂ ಇಲ್ಲ.

ಚೀಫ್ ನನ್ನ ಕಡೆ ತಿರುಗಿದರು. "ಹೊಗೆನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮೈಕಿಗೆ ಕೈ ಚಾಚಿದರು, ಕೇಳಿಸಿತಾ ಎಂದು ಅವಳನ್ನು ಕೇಳಲು. ನಾನು ಮೈಕಿನ ಮೇಲೆ ಅಂಗೈ ಇಟ್ಟೆ.

"ಕೇಳಬ್ಯಾಡ್ರಿ ಸರ್. ಮಾಸ್ಟರ್ ಬಂದ್ ಮಾಡಿದ್ರ ರೇಡಿಯೋನೂ ಸತ್ತಿರ್ತೈತಿ. ಈಗ ಉತ್ತರ ಬಂದ್ರ ಕೆಟ್ಟ ಸುದ್ದಿ."

ಅವರಿಗೆ ಅರ್ಥವಾಯಿತು. ಆ ಮನುಷ್ಯನ ದೊಡ್ಡತನ ನೋಡಿ, ಮೈಕು ಕಸಿದದ್ದಕ್ಕೆ ಒಂದು ಮಾತೂ ಆಡಲಿಲ್ಲ. ಫೋನು ಎತ್ತಿ ಟವರಿಗೆ ಹೇಳಿದರು: ರೇಡಿಯೋ ಇಲ್ಲದ ವಿಮಾನ ಬರುತ್ತದೆ, ಇಳಿ ಎಂದು ತೋರಿಸುವ ಹಸಿರು ದೀಪ ಸಿದ್ಧ ಇರಲಿ, ಬೇರೆ ಯಾರನ್ನೂ ಬಿಡಬೇಡಿ, ಬೆಂಕಿ ಗಾಡಿ ಹೊರಗೆ ಬರಲಿ. ಎಲ್ಲ ಹೇಳಿ ಮುಗಿಸಿ ನನ್ನ ಬಾಜು ಬಂದು ನಿಂತು, ಸುಮ್ಮನಿದ್ದ ರೇಡಿಯೋವನ್ನೇ ನೋಡಿದರು.

ಕಲಿಸುವವನ ಕಷ್ಟ ಏನೆಂದು ನನಗೆ ಅವತ್ತು ತಿಳಿಯಿತು. ಮೇಲೆ ನಾನೇ ಇದ್ದಿದ್ದರೆ ಕೈಗೆ ಕೆಲಸ ಇರುತ್ತಿತ್ತು. ಇಲ್ಲಿ ಕೈ ಖಾಲಿ. ಬೆಂಕಿ ನಿಂತಿತೋ ಇಲ್ಲವೋ, ಅವಳು ಕೆಮ್ಮುತ್ತ ಕಿಂಡಿ ತೆಗೆದುಬಿಟ್ಟಳೋ, ಕೊಯ್ಲಾದ ಗದ್ದೆಯೊಂದರಲ್ಲಿ ಇಳಿಸಲು ಹೋದಳೋ, ಬದುವಿಗೆ ಚಕ್ರ ಬಡಿದರೆ ಏನು ಗತಿ, ಒಂದೂ ಗೊತ್ತಿಲ್ಲ. ದೇವರನ್ನು ನೆನೆದೆ ಎಂದು ಹೇಳಿದರೆ ಸುಳ್ಳಾದೀತು. ಅವಳು ಕಣ್ಣು ಕಟ್ಟಿಕೊಂಡು ಮಾಡಿದ ಪಾಠಗಳನ್ನೆಲ್ಲ ಒಂದೊಂದಾಗಿ ನೆನೆದೆ, ಎಲ್ಲಾದರೂ ಒಮ್ಮೆ ತಪ್ಪಿದ್ದಳೇ ಎಂದು. ಕಿಂಡಿ ತೆಗೆದ ಆ ಒಂದು ದಿನವೇ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು.

ಎಲ್ಲರೂ ಹೊರಗೆ ಬಂದು ಬೆಳಗಾವಿ ಊರಿನ ದಿಕ್ಕಿಗೆ ಮುಖ ಮಾಡಿ ನಿಂತೆವು. ಕ್ಯಾಂಟೀನಿನವನೂ ಸೌಟು ಹಿಡಿದೇ ಬಂದಿದ್ದ. ಮೊದಲು ಕಂಡದ್ದು ಬಸುವಿಗೆ. "ಅಲ್ಲೆ! ಅಲ್ಲೆ ಬಂತ್ರಿ ಸರ್!" ಎಂದು ಕುಣಿದುಬಿಟ್ಟ.

ಸಣ್ಣ ಚುಕ್ಕೆ ವಿಮಾನವಾಯಿತು. ಹೊಗೆಯ ಬಾಲ ಇರಲಿಲ್ಲ. ಎಂಜಿನ್ನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ನಾನು ಹೇಳಿಕೊಟ್ಟ ಹಾಗೆಯೇ ಅವಳು ಟವರಿಗೆ ಕಾಣುವಂತೆ ರೆಕ್ಕೆ ಅಲ್ಲಾಡಿಸಿ ಒಂದು ಸುತ್ತು ಹಾಕಿದಳು. ಹಸಿರು ದೀಪ ಹತ್ತಿತು. ಆ ವಿಮಾನದಲ್ಲಿ ಇಳಿಯುವಾಗ ವೇಗ ತಗ್ಗಿಸಲು ರೆಕ್ಕೆಯ ಹಿಂದೆ ಬಿಡುವ ಫ್ಲ್ಯಾಪುಗಳೂ ಕರೆಂಟಿನ ಮೇಲೆಯೇ ನಡೆಯುವಂಥವು. ಅವಿಲ್ಲದೆ ಇಳಿಯಬೇಕೆಂದರೆ ಉದ್ದ ಬರಬೇಕು, ಜೋರಾಗಿ ಬರಬೇಕು, ಅವಸರ ಮಾಡಬಾರದು. ಅವಳು ಉದ್ದವೇ ಬಂದಳು. ನೆಲದ ಮೇಲೆ ತೇಲ್ಯಾಡಿ, ಒಮ್ಮೆ ಮೆಲ್ಲಗೆ ಪುಟಿದು, ಓಡಿ ಓಡಿ ರನ್‌ವೇ ಪಟ್ಟಿಯ ತುದಿಯ ಹತ್ತಿರ ನಿಂತಳು. ಬೆಂಕಿ ಗಾಡಿ ಅವಳ ಹಿಂದೆಯೇ ಓಡಿತು. ನಾನೂ ಓಡಿದೆ. ನನ್ನ ವಯಸ್ಸಿಗೆ ಅದು ಒಳ್ಳೆಯ ಓಟವೇ.

ಬಾಗಿಲು ತೆಗೆದು ಇಳಿದಳು. ಕಣ್ಣು ಕೆಂಡ, ಮೂಗಿನ ಕೆಳಗೆ ಮಸಿ, ಬೆಂಕಿ ಆರಿಸುವ ಸಣ್ಣ ಸಿಲಿಂಡರು ಇನ್ನೂ ಕಂಕುಳಲ್ಲಿ. ನನ್ನನ್ನು ನೋಡಿ ಆಡಿದ ಮೊದಲ ಮಾತು:

"ಸರ್, ಹೊಗಿ ಪೂರಾ ನಿಂತ ಮ್ಯಾಲೆನ ಕಿಂಡಿ ತಗದೇನ್ರಿ. ಸರಿ ಐತಲ್ಲ?"

"ಸರಿ ಐತಿ ತಂಗಿ" ಎಂದೆ. ಅವಳ ಕಂಕುಳಿಂದ ಸಿಲಿಂಡರು ಇಸಿದುಕೊಂಡೆ. ನನ್ನ ಇಡೀ ನೌಕರಿಯಲ್ಲಿ ಯಾವ ಪದಕ ಕೊಟ್ಟಿದ್ದರೂ ಆ ಪ್ರಶ್ನೆಯಷ್ಟು ಹೆಮ್ಮೆ ನನಗೆ ಆಗುತ್ತಿರಲಿಲ್ಲ.

ಆಮೇಲೆ ನೆರಳಿನಲ್ಲಿ ಕೂರಿಸಿ, ನೀರು ಕುಡಿಸಿ, ಚೀಫ್ ಅವಳನ್ನು ಕೇಳಿದರು. ಖಾನಾಪುರದಿಂದ ತಿರುಗಿದ ಮೇಲೆ ಮೊದಲು ವಾಸನೆ ಬಂತು, ಧೂಪಾರತಿಯದೇ ವಾಸನೆ, ಆಮೇಲೆ ರೇಡಿಯೋದ ಹಿಂದಿನಿಂದ ಹೊಗೆ. ಕೈ ಆಗಲೇ ಮಾಸ್ಟರಿನ ಮೇಲಿತ್ತಂತೆ.

"ಮತ್ತೆ ಯಾಕಮ್ಮ ಆರಿಸಲಿಲ್ಲ? ರೇಡಿಯೋದಲ್ಲಿ ಯಾಕೆ ಕೂಗಿದೆ?"

ಸವಿತಾ ತಲೆ ತಗ್ಗಿಸಿದಳು. "ಅದನ್ನ ಆರಿಸಿದ್ರ ನಿಮ್ಮ ದನೀನೂ ಹೋಗ್ತೈತಲ್ರಿ ಸರ್. ಆಮ್ಯಾಲೆ ನಾ ಒಬ್ಬಾಕೀನ. ಕೈ ಬರವಲ್ದಾಗಿತ್ತು. ಮಾಸ್ತರು ಬಂದ್ ಅಂದ ಕೂಡ್ಲೆ ಕೈ ತಾನ ಹೋತ್ರಿ."

ಹಾರಾಟ ಕಲಿಯಲು ಹೊರಟವರು ಈ ಮಾತನ್ನು ಎರಡು ಸಲ ಓದಿ. ಬೆಂಕಿಗಿಂತ ಮೊದಲು ಕೈ ಹಿಡಿದು ನಿಲ್ಲಿಸುವುದು ಒಂಟಿತನ. ಮರುವಾರದಿಂದ ನನ್ನ ಪಾಠಕ್ಕೆ ಇನ್ನೊಂದು ಸೇರಿತು. ವಿದ್ಯಾರ್ಥಿಯ ಬಾಜು ಕುಳಿತು, ರೇಡಿಯೋ ಆರಿಸಿ, ನಾನು ಒಂದು ಮಾತೂ ಆಡದೆ ಖಾನಾಪುರಕ್ಕೆ ಹೋಗಿ ಬರುವುದು. ಕೇಳಿದ್ದಕ್ಕೆ ಉತ್ತರವಿಲ್ಲ, ಹೂಂ ಉಹೂಂ ಕೂಡ ಇಲ್ಲ. ನನ್ನಂಥ ಬಾಯಿಬಡುಕನಿಗೆ ಅದು ಎಂಥ ಶಿಕ್ಷೆ ಎಂದು ನನ್ನ ಹೆಂಡತಿಯನ್ನು ಕೇಳಿ.

ಮೆಕ್ಯಾನಿಕ್ಕು ಫಲಕ ಬಿಚ್ಚಿದಾಗ ರೇಡಿಯೋದ ಹಿಂದೆ ಒಂದು ವಾಯರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಬೆತ್ತಲೆಯಾಗಿತ್ತು, ಸುತ್ತಲಿನವೂ ಕರಗಿ ಒಂದಾಗಿದ್ದವು. ಅವನು ಅದನ್ನು ಬೆರಳಲ್ಲಿ ಮುಟ್ಟಿ, ಇನ್ನು ಸ್ವಲ್ಪ ಹೊತ್ತು ಕರೆಂಟು ಇದ್ದಿದ್ದರೆ ಹಿಂದಿನ ಹೊದಿಕೆಗೂ ಬೆಂಕಿ ಹತ್ತುತ್ತಿತ್ತು ಎಂದ. ಉಳಿದ ವಿಮಾನಗಳನ್ನೂ ಬಿಚ್ಚಿ ನೋಡಿ, ಆ ಅಂಚಿಗೆಲ್ಲ ರಬ್ಬರು ಹಾಕಿಸಿದೆವು.

ಚೀಫ್ ನನ್ನನ್ನು ಒಳಗೆ ಕರೆದರು. ನಾನು ಬೈಗುಳಕ್ಕೆ ತಯಾರಾಗಿಯೇ ಹೋದೆ.

"ರೇಡಿಯೋದಲ್ಲಿ ಕನ್ನಡ ಮಾತಾಡಿದ್ದು ನಿಯಮಕ್ಕೆ ವಿರುದ್ಧ, ಗೊತ್ತಲ್ಲ? ಮೇಲಿನವರು ಕೇಳ್ತಾರೆ."

"ಕೇಳಲಿ ಬಿಡ್ರಿ ಸರ್, ನಾ ಹೇಳ್ತೇನಿ."

"ನೀವು ಹೇಳಬೇಡಿ, ನಿಮ್ಮ ಬಾಯಿ ನನಗೆ ಗೊತ್ತು. ನಾನೇ ಹೇಳಿದ್ದು ಅಂತ ಹೇಳ್ಕೋತೀನಿ." ಕುರ್ಚಿ ಎಳೆದು ನನ್ನ ಎದುರಿಗೆ ಕುಳಿತರು. "ನಾನು ದೂರ ಅಂದ್ಕೊಂಡೆ ಕಣ್ರೀ. ಎಲ್ಲಿದೀಯಾ ಅಂತ ಕೇಳ್ತಾ ಕೂತಿದ್ದೆ. ಈ ಊರಲ್ಲಿ ಹೊಗೆಗೆ ಇನ್ನೂ ಏನೇನು ಅಂತಾರೆ, ಹೇಳಿ." ಅರವತ್ತರ ಹತ್ತಿರ ಬಂದಿದ್ದ ಮನುಷ್ಯ ಎಳೆಯ ವಿದ್ಯಾರ್ಥಿಯಂತೆ ಕುಳಿತು ಹೊಗೆ, ಬೆಂಕಿ, ಗಾಯ, ಪೆಟ್ರೋಲು ಮುಗಿಯಿತು ಎಂಬುದಕ್ಕೆಲ್ಲ ನಮ್ಮ ಎರಡೂ ಭಾಷೆಯ ಮಾತು ಬಾಯಿಪಾಠ ಮಾಡಿದರು. ಧೂರ ಎಂಬುದರ ಧಕಾರ ಮಾತ್ರ ಅವರ ನಾಲಿಗೆಗೆ ಕೊನೆಯವರೆಗೂ ಒಗ್ಗಲಿಲ್ಲ. ನನ್ನ ವೃತ್ತಿಯಲ್ಲಿ ಜೋರು ಮಾಡುವ ಮೇಲಧಿಕಾರಿಗಳು ಬೇಕಾದಷ್ಟು ಸಿಕ್ಕರು, ಕಲಿಯುವ ಮೇಲಧಿಕಾರಿ ಇವರೊಬ್ಬರೇ.

ಅಷ್ಟರಲ್ಲಿ ಸುದ್ದಿ, ಗುಲಗಂಜಿ ಗುಡ್ಡವಾಗಿ, ಖಾನಾಪುರ ಮುಟ್ಟಿತ್ತು. ಯಾರೋ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಗಾವಡೆಯವರ ಮಗಳ ವಿಮಾನ ಬೆಂಕಿ ಹತ್ತಿ ಉರಿದು ಬಿದ್ದಿತು ಎಂದಿದ್ದರಂತೆ. ಮಧ್ಯಾಹ್ನ ಸವಿತಾಳ ತಂದೆ ಗಾವಡೆಯವರ ಮೋಟರ್‌ಸೈಕಲ್ಲು ಶಾಲೆಯ ಮುಂದೆ ಬಂದು ನಿಂತಿತು. ಮಗಳು ಬದುಕಿದ್ದಾಳೆಂಬುದು ದಾರಿಯಲ್ಲಿ, ಬೆಳಗಾವಿಯ ಶಹಾಪುರದಲ್ಲಿರುವ ತಮ್ಮ ತಂಗಿಯ ಮನೆಯಲ್ಲಿ ಗೊತ್ತಾಗಿತ್ತು. ಸವಿತಾ ಅಲ್ಲೇ ಉಳಿದು ಕಲಿಯುತ್ತಿದ್ದವಳು. ಗಾವಡೆಯವರು ಅವಳ ಬಟ್ಟೆಬರೆಯನ್ನೆಲ್ಲ ಒಂದು ಬ್ಯಾಗಿಗೆ ತುಂಬಿ, ಗಾಡಿಯ ಹಿಂದೆ ಹಗ್ಗದಿಂದ ಬಿಗಿದುಕೊಂಡೇ ಬಂದಿದ್ದರು. ಕುಳ್ಳನೆಯ ಮನುಷ್ಯ, ಭಟ್ಟಿಯ ಕೆಂಪು ಧೂಳು ಇನ್ನೂ ಕಾಲ ಮೇಲಿತ್ತು.

"ಮಾಸ್ತರ, ಸಿಟ್ಟಿಗೇಳಬ್ಯಾಡ್ರಿ. ಮನಿಗಿ ಕರಕೊಂಡ ಹೋಗ್ತೇನಿ. ಕಲತದ್ದು ಸಾಕು."

"ಕುಂದರ್ರಿ ಗಾವಡೇರ, ನೀರ ಕುಡೀರಿ. ಏನಾತು ಅಂತ ಆಕೀನ ಹೇಳಲಿ" ಎಂದೆ. ಅವರು ಕುಳಿತುಕೊಳ್ಳಲಿಲ್ಲ. ಗಾಡಿಗೆ ಆತು ನಿಂತೇ ಕೇಳಿದರು. ಅಪ್ಪ ಮಗಳು ಆಡಿದ್ದು ಮರಾಠಿ, ನಾನು ಕನ್ನಡದಲ್ಲಿ ಬರೆಯುತ್ತೇನೆ.

ಅವಳು ಬಿಡದೆ ಎಲ್ಲ ಹೇಳಿದಳು. ಸ್ವಿಚ್ಚು ಆರಿಸಿದ ಮೇಲೆ ಯಾರ ದನಿಯೂ ಇರಲಿಲ್ಲ ಎಂಬಲ್ಲಿಗೆ ಬಂದಾಗ ಗಾವಡೆಯವರು ಕೈ ಎತ್ತಿ ನಿಲ್ಲಿಸಿದರು.

"ಅಲ್ಲಿಂದ ಇಲ್ಲಿ ತನಕಾ ಒಬ್ಬಾಕೀನ?"

"ಹೂಂ ಬಾಬಾ."

"ಹೊಗಿಯೊಳಗ?"

"ಹೊಗಿ ಕಡಿಮಿ ಆತು ಆಮ್ಯಾಲೆ."

"ಅಂಜಿಕಿ ಬರ್ಲಿಲ್ಲೇನ?"

"ಬಂತು ಬಾಬಾ. ಅಂಜಾಕ ಪುರಸೊತ್ತು ಇರ್ಲಿಲ್ಲ."

ಗಾವಡೆಯವರು ಮಗಳನ್ನು ನೋಡಿದರು, ಹ್ಯಾಂಗರಿನಲ್ಲಿ ಫಲಕ ಬಿಚ್ಚಿಕೊಂಡು ನಿಂತ ಆ ಸಣ್ಣ ವಿಮಾನವನ್ನು ನೋಡಿದರು. ಹತ್ತಿರ ಹೋಗಿ ಅದರ ರೆಕ್ಕೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ತಿರುಗಿ ಬಂದಾಗ ಅವರ ಕಣ್ಣು ಮಗಳ ಕಣ್ಣಿಗಿಂತ ಕೆಂಪಾಗಿತ್ತು. ನನ್ನನ್ನು ಕೇಳಿದರು:

"ನಾಳೆ ಮುಂಜಾನೆ ಎಷ್ಟಕ್ಕ ಬರಬೇಕ್ರಿ ಆಕಿ?"

"ಏಳಕ್ಕ" ಎಂದೆ.

"ನಡಿ ಮಗಳ, ಅತ್ಯಾನ ಮನಿಗಿ ಬಿಡ್ತೇನಿ" ಎಂದು ಮಗಳಿಗೆ ಹೇಳಿ ಗಾಡಿ ಹತ್ತಿದರು. ಅವಳು ಹಿಂದೆ, ಬ್ಯಾಗಿನ ಮುಂದೆ ಇಕ್ಕಟ್ಟಿನಲ್ಲಿ ಕುಳಿತಳು. ಗಾಡಿ ಚಾಲೂ ಆದ ಮೇಲೆ ನೆನಪಾದವರಂತೆ ತಲೆ ತಿರುಗಿಸಿ ನನಗೆ ಹೇಳಿದರು: "ಮುಂಜಾನೆ ಬಸ್ಸಿನ ಭರವಸಾ ಇಲ್ರಿ ಮಾಸ್ತರ. ನಾನ ತಂದು ಬಿಡ್ತೇನಿ."